ಮಳೆ, ನಾಯಿ, ಮೂರು ಪಬ್ಬು: ಇಂಗ್ಲೆಂಡಿನ ಹಳ್ಳಿದಾರಿ ನಡಿಗೆಗೆ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನಲ್ಲಿ ನೆಲೆಸಿ ನಾಯಿ ಸಾಕಲು ಶುರುಮಾಡಿದ ನಮ್ಮವರಿಗೆಲ್ಲ ಒಂದು ವಾರಾಂತ್ಯದ ಆಸೆ ಇದ್ದೇ ಇರುತ್ತದೆ. ಒಂದು ಹಳ್ಳಿಯ ಪಬ್ಬಿನಿಂದ ಮುಂದಿನ ಹಳ್ಳಿಯ ಪಬ್ಬಿಗೆ ಹೊಲ, ಗುಡ್ಡ ದಾಟಿ ನಡೆಯಬೇಕು, ಜೊತೆಗೆ ನಾಯಿ ಇರಬೇಕು. ಈ ಯೋಜನೆ ಕೆಡುವ ರೀತಿಯೂ ಹೆಚ್ಚುಕಮ್ಮಿ ಒಂದೇ. ತೋಯ್ದು ತೊಪ್ಪೆಯಾಗಿ ಮೂರು ಗಂಟೆಗೆ ಪಬ್ಬು ಮುಟ್ಟಿದರೆ ಅಡುಗೆಮನೆ ಎರಡೂವರೆಗೇ ಮುಚ್ಚಿರುತ್ತದೆ. ಅಥವಾ ಊಟದ ಕೋಣೆಗೆ ನಾಯಿ ಬಿಡುವುದಿಲ್ಲ, ಬಾರ್ ಬದಿಯಲ್ಲಿ ಕೂರಲು ಜಾಗವಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಚಿಪ್ಸ್ ಪೊಟ್ಟಣ ಒಡೆಯುವಷ್ಟರಲ್ಲಿ ಕತ್ತಲಾಗುತ್ತದೆ, ನಾಯಿ ನಡುಗುತ್ತಿರುತ್ತದೆ.

ಎಲ್ಲರೂ ಮಳೆಯನ್ನು ಬಯ್ಯುತ್ತಾರೆ. ನನ್ನ ಪ್ರಕಾರ ಕೆಡುವುದು ಹಿಂದಿನ ಸಂಜೆ, ಮನೆಯ ಸೋಫಾದ ಮೇಲೆ. ಮೊದಲು ಚೆಂದದ ದಾರಿ ಹುಡುಕುವುದು, ಆಮೇಲೆ ದಾರಿಯಲ್ಲಿ ಪಬ್ಬು ಇದೆಯೇ ನೋಡುವುದು, ಕೊನೆಗೆ ನಾಯಿಯ ನೆನಪಾಗುವುದು: ಈ ಕ್ರಮವೇ ತಲೆಕೆಳಗು. ಮೊದಲು ನಾಯಿ, ನಂತರ ಊಟದ ಪಬ್ಬಿನ ಅಡುಗೆಮನೆ, ನಂತರ ರೈಲು, ಕೊನೆಗೆ ದಾರಿ. ಈ ಕ್ರಮ ಹಿಡಿದರೆ ಮಳೆ ಸುರಿದರೂ ದಿನ ಕೆಡುವುದಿಲ್ಲ.

ಉದಾಹರಣೆಗೆ ಇಂಗ್ಲೆಂಡಿನ ನಡುಭಾಗದ ಗುಡ್ಡನಾಡಾದ ಪೀಕ್ ಡಿಸ್ಟ್ರಿಕ್ಟ್‌ನ ಎಡೇಲ್, ಕ್ಯಾಸಲ್ಟನ್, ಹೋಪ್ ಹಳ್ಳಿಗಳ ದಾರಿಯನ್ನು ತೆಗೆದುಕೊಂಡಿದ್ದೇನೆ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ಹೋಪ್ ವ್ಯಾಲಿ ರೈಲುಮಾರ್ಗದಲ್ಲಿ ಎಡೇಲ್ ಮತ್ತು ಹೋಪ್ ಅಕ್ಕಪಕ್ಕದ ನಿಲ್ದಾಣಗಳು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು, ಕಾರಿನ ಗೊಡವೆಯೇ ಬೇಡ. ಬೇರೆ ಊರಿನ ದಾರಿಗೂ ಹಂತಗಳು ಇವೇ.

1. ನಾಯಿಗೆ ಎಷ್ಟಾಗುತ್ತದೆ ನೋಡಿ

ಎಡೇಲ್‌ನಿಂದ ಹೋಪ್‌ಗೆ ಸುಮಾರು ಹತ್ತು ಕಿಲೋಮೀಟರ್. ನಿತ್ಯ ಒಂದು ಗಂಟೆ ನಡೆಯುವ ಆರೋಗ್ಯವಂತ ಲ್ಯಾಬ್ರಡಾರ್, ಸ್ಪ್ಯಾನಿಯಲ್, ಬಾರ್ಡರ್ ಟೆರಿಯರ್‌ಗಳಿಗೆ ಇದು ಆರಾಮ. ಪಗ್, ಫ್ರೆಂಚ್ ಬುಲ್‌ಡಾಗ್‌ಗಳಿಗೆ ಏರಿನಲ್ಲಿ ಉಸಿರಾಟದ ತೊಂದರೆ. ಡ್ಯಾಷ್‌ಹಂಡ್‌ನ ಹೊಟ್ಟೆ ನೆಲಕ್ಕೆ ಹತ್ತಿರ, ಹಸಿ ಹುಲ್ಲಿನಲ್ಲಿ ಹೊಟ್ಟೆಯಿಂದಲೇ ಚಳಿ ಏರುತ್ತದೆ. ಮರಿಗಳನ್ನೂ ಸಂಧಿನೋವಿನ ಮುದಿ ನಾಯಿಗಳನ್ನೂ ಕ್ಯಾಸಲ್ಟನ್–ಹೋಪ್ ನಡುವಿನ ಸಮತಟ್ಟು ದಾರಿಗೆ ಮಾತ್ರ ಒಯ್ಯಿರಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ: ನಿಮ್ಮ ನಾಯಿ ಅಪರಿಚಿತರು, ಬೇರೆ ನಾಯಿಗಳು, ತಟ್ಟೆಗಳ ಸದ್ದು ಇರುವ ಕೋಣೆಯಲ್ಲಿ ಒಂದು ಗಂಟೆ ಮೇಜಿನ ಕೆಳಗೆ ಮಲಗಿರಬಲ್ಲದೇ? ಖಾತ್ರಿಯಿಲ್ಲದಿದ್ದರೆ ಮನೆ ಹತ್ತಿರದ ಪಬ್ಬಿನಲ್ಲಿ ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿ. ಗುಡ್ಡ ಹತ್ತಿಸುವುದು ಸುಲಭ, ಸುಮ್ಮನೆ ಮಲಗಿಸುವುದೇ ಕಷ್ಟ.

ಕೊರಳಪಟ್ಟಿಯಲ್ಲಿ ಮಾಲೀಕರ ಹೆಸರು, ವಿಳಾಸ ಇರಲೇಬೇಕೆಂಬುದು 1992ರಿಂದಿರುವ ನಿಯಮ. ನಾಯಿಯ ಚರ್ಮದಡಿ ಹಾಕಿಸುವ ಗುರುತಿನ ಮೈಕ್ರೋಚಿಪ್ 2016ರಿಂದ ಕಡ್ಡಾಯ. ಚಿಪ್‌ನ ದಾಖಲೆಯಲ್ಲಿ ಹಳೆಯ ಫೋನ್ ನಂಬರ್ ಉಳಿದಿದೆಯೇ ಎಂದು ಹೊರಡುವ ಮುನ್ನ ಒಮ್ಮೆ ನೋಡಿ.

2. ನಡುವಿನ ಪಬ್ಬನ್ನು ಮೊದಲು ಗೊತ್ತುಮಾಡಿ

ಮೂರು ಪಬ್ಬುಗಳಲ್ಲಿ ಊಟಕ್ಕಿರುವುದು ಒಂದೇ, ಅದು ನಡುವಿನದ್ದು. ನಮ್ಮ ದಾರಿಯಲ್ಲಿ ಅದು ಕ್ಯಾಸಲ್ಟನ್. ಕೆಲವೇ ನಿಮಿಷಗಳ ನಡಿಗೆಯಲ್ಲಿ ನಾಲ್ಕೈದು ಪಬ್ಬುಗಳಿರುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಸಿಗುತ್ತದೆ. ಒಂದೇ ಪಬ್ಬಿರುವ ಹಳ್ಳಿಯನ್ನು ಊಟಕ್ಕೆ ನೆಚ್ಚಿಕೊಳ್ಳಬೇಡಿ.

ಆಯ್ದ ಮೇಲೆ ಫೋನ್ ಮಾಡಿ. ಜಾಲತಾಣದಲ್ಲಿ ಮೂಳೆ ಚಿತ್ರ ಹಾಕಿ ನಾಯಿಸ್ನೇಹಿ ಎಂದು ಬರೆದಿದ್ದರೆ ಸಾಲದು. ಕೇಳಬೇಕಾದ ಪ್ರಶ್ನೆಗಳು ಇವು:

- ಆ ದಿನ ಮಧ್ಯಾಹ್ನದ ಅಡುಗೆಗೆ ಕೊನೆಯ ಆರ್ಡರ್ ಎಷ್ಟು ಹೊತ್ತಿಗೆ? ಪಬ್ಬು ರಾತ್ರಿ ಹನ್ನೊಂದರವರೆಗೆ ತೆರೆದಿರಬಹುದು, ಅಡುಗೆಮನೆ ಹನ್ನೆರಡರಿಂದ ಎರಡೂವರೆ, ಮತ್ತೆ ಸಂಜೆ ಆರರಿಂದ ಒಂಬತ್ತು ಎಂದಿರುವುದು ಹಳ್ಳಿಗಳಲ್ಲಿ ಮಾಮೂಲು.
- ನಾಯಿಯ ಜೊತೆ ಕೂರುವ ಕಡೆಯಲ್ಲೇ ಊಟ ಕೊಡುತ್ತೀರಾ? ಬಾರ್‌ಗೆ ನಾಯಿ ಬರಬಹುದು, ಊಟ ಮಾತ್ರ ಕಾರ್ಪೆಟ್ ಹಾಸಿದ ಒಳಕೋಣೆಯಲ್ಲಿ ಎಂಬ ಉತ್ತರ ಬಂದರೆ ಅದು ನಿಮಗೆ ಆಗದು.
- ಬಾರ್ ಬದಿಯ ಮೇಜನ್ನು ಕಾಯ್ದಿರಿಸಬಹುದೇ?
- ಕೆಸರು ಬೂಟಿನಲ್ಲಿ ಒಳಗೆ ಬರಬಹುದೇ, ಕಳಚಿ ಇಡಬೇಕೇ?

ಸೋಮವಾರ, ಮಂಗಳವಾರ ಪೂರ್ತಿ ಬಾಗಿಲು ಹಾಕುವ ಹಳ್ಳಿ ಪಬ್ಬುಗಳು ಬೇಕಾದಷ್ಟಿವೆ. ಭಾನುವಾರ ಇನ್ನೊಂದು ತಾಪತ್ರಯ: ರೋಸ್ಟ್ ಊಟಕ್ಕೆ ಇಡೀ ಊರೇ ಬಂದು ಕೂತಿರುತ್ತದೆ, ಒದ್ದೆ ನಾಯಿ ಹಿಡಿದು ನಿಂತವರಿಗೆ ಜಾಗ ಸಿಗುವುದಿಲ್ಲ. ಶನಿವಾರ ಅಥವಾ ಶುಕ್ರವಾರ ಒಳ್ಳೆಯದು.

3. ಯಾವ ದಿಕ್ಕಿನಿಂದ ಶುರು

ಎಡೇಲ್ ಕಡೆಯಿಂದ ಹೊರಟರೆ ಹಾಲಿನ್ಸ್ ಕ್ರಾಸ್ ಎಂಬ ಬೆನ್ನೇಣಿನ (ಗುಡ್ಡಸಾಲಿನ ಉದ್ದನೆಯ ನೆತ್ತಿಯ) ತಗ್ಗು ದಾಟಿ ಕ್ಯಾಸಲ್ಟನ್‌ಗೆ ಇಳಿಯುತ್ತೀರಿ, ಊಟದ ನಂತರ ಪೀಕ್ಸ್‌ಹೋಲ್ ವಾಟರ್ ಹಳ್ಳದ ಪಕ್ಕದ ಹೊಲಗಳಲ್ಲಿ ಹೋಪ್‌ವರೆಗೆ ಸಮತಟ್ಟು ನಡಿಗೆ. ಎತ್ತರದ ಭಾಗ ಬೆಳಕಿದ್ದಾಗಲೇ, ಹೊಟ್ಟೆ ಹಗುರವಿದ್ದಾಗಲೇ ಮುಗಿಯುತ್ತದೆ. ಆದರೆ ಎಡೇಲ್‌ನ ಪಬ್ಬುಗಳು ಬೆಳಿಗ್ಗೆ ಹತ್ತಕ್ಕೆಲ್ಲ ತೆರೆದಿರುತ್ತವೆಂಬ ನಂಬಿಕೆ ಬೇಡ, ಹೋಪ್ ನಿಲ್ದಾಣ ಹಳ್ಳಿಯಿಂದ ಒಂದು ಕಿಲೋಮೀಟರಿಗೂ ದೂರ. ರೈಲು ರದ್ದಾದರೆ ಅಲ್ಲಿ ನೆನೆಯುತ್ತ ಕಾಯಬೇಕು.

ಹೋಪ್ ಕಡೆಯಿಂದ ಬಂದರೆ ಕೊನೆಯ ಪಬ್ಬು ರ‍್ಯಾಂಬ್ಲರ್ ಇನ್, ಎಡೇಲ್ ನಿಲ್ದಾಣಕ್ಕೆ ಎರಡು ಹೆಜ್ಜೆ. ಆದರೆ ಊಟ ಮಾಡಿದ ಮೇಲೆ ಇನ್ನೂರು ಮೀಟರಿನಷ್ಟು ಏರು, ಅದೂ ಮಬ್ಬು ಇಳಿಯುವ ಹೊತ್ತಿಗೆ.

ನನ್ನ ಲೆಕ್ಕ ಸರಳ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಡೇಲ್‌ನಿಂದ, ಉಳಿದ ತಿಂಗಳು ಹೋಪ್‌ನಿಂದ. ಚಳಿಗಾಲದಲ್ಲಿ ಎಡೇಲ್‌ನ ಪಬ್ಬನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ, ಫ್ಲಾಸ್ಕಿನ ಕಾಫಿ ಸಾಕು.

ನಕ್ಷೆ ಬೇಕೇ ಬೇಕು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇ ಎಕ್ಸ್‌ಪ್ಲೋರರ್ ಸರಣಿಯ ಒಎಲ್1, ಅಳತೆ 1:25,000. ಅದರಲ್ಲಿ ಹಸಿರು ಚಿಕ್ಕಗೆರೆಗಳು ಸಾರ್ವಜನಿಕ ಕಾಲುದಾರಿ, ಹಸಿರು ಉದ್ದಗೆರೆಗಳು ಕುದುರೆ ಸವಾರರೂ ಬರುವ ದಾರಿ. ಗೇಟಿನ ಕಂಬಗಳ ಮೇಲೆ ಇವಕ್ಕೇ ಕ್ರಮವಾಗಿ ಹಳದಿ ಮತ್ತು ನೀಲಿ ಬಾಣ. ಕಪ್ಪು ಗೆರೆಯ ದಾರಿ ಕಣ್ಣಿಗೆ ಕಾಣುವ ದಾರಿಯಷ್ಟೇ, ನಡೆಯುವ ಹಕ್ಕಿದೆ ಎಂದು ಅರ್ಥವಲ್ಲ. ಗೂಗಲ್ ಮ್ಯಾಪ್ ನಂಬಿ ಯಾರದೋ ತೋಟದ ಗೇಟಿನಲ್ಲಿ ಬಯ್ಯಿಸಿಕೊಂಡವರ ಕತೆ ಕೇಳಿ ಸಾಕಾಗಿದೆ.

4. ಗಡಿಯಾರವನ್ನು ಹಿಂದಕ್ಕೆ ಓಡಿಸಿ

ಸ್ಕಾಟ್ಲೆಂಡಿನ ಪರ್ವತಾರೋಹಿ ನೇಯ್‌ಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚು. ನಮ್ಮ ದಾರಿಗೆ ಎರಡೂಕಾಲು ಗಂಟೆ ಬರುತ್ತದೆ. ಅದು ಒಣ ನೆಲಕ್ಕೆ. ಕೆಸರು, ಗೇಟು, ನಾಯಿ ನಿಂತು ಮೂಸುವುದು ಸೇರಿ ಮೂರರಿಂದ ಮೂರೂವರೆ ಎಂದಿಟ್ಟುಕೊಳ್ಳಿ.

ಈಗ ಹಿಂದಿನಿಂದ ಎಣಿಸಿ. ಡಿಸೆಂಬರ್ ನಡುವಿನಲ್ಲಿ ಇಲ್ಲಿ ನಾಲ್ಕಕ್ಕೂ ಮೊದಲೇ ಸೂರ್ಯ ಮುಳುಗುತ್ತಾನೆ, ಮೋಡ ಕವಿದರೆ ಮೂರೂವರೆಗೇ ದಾರಿ ಕಾಣದು. ಹಾಗಾಗಿ ಮೂರಕ್ಕೆ ಹೋಪ್ ಹಳ್ಳಿಯಲ್ಲಿರಬೇಕು. ಅದಕ್ಕೆ ಎರಡಕ್ಕೆ ಕ್ಯಾಸಲ್ಟನ್ ಬಿಡಬೇಕು, ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಊಟ ಮೇಜಿಗೆ ಬಂದಿರಬೇಕು, ಅದಕ್ಕೆ ಹನ್ನೆರಡೂವರೆಗೆ ಪಬ್ಬಿನ ಬಾಗಿಲಲ್ಲಿರಬೇಕು. ಅಂದರೆ ಎಡೇಲ್‌ನಲ್ಲಿ ಹತ್ತರ ಸುಮಾರಿಗೆ ಇಳಿಯುವ ರೈಲು. ಈ ಮಾರ್ಗದಲ್ಲಿ ಎಲ್ಲ ನಿಲ್ದಾಣಕ್ಕೂ ನಿಲ್ಲುವ ರೈಲುಗಳು ಕಡಿಮೆ, ಒಂದು ತಪ್ಪಿದರೆ ತುಂಬ ಹೊತ್ತು ಕಾಯಬೇಕು. ಒಬ್ಬ ಪ್ರಯಾಣಿಕ ಎರಡು ನಾಯಿಗಳನ್ನು ಪುಕ್ಕಟೆ ಒಯ್ಯಬಹುದು, ಸೀಟಿನ ಮೇಲೆ ಮಾತ್ರ ಕೂರಿಸಬೇಡಿ.

5. ಚೀಲ ತುಂಬುವುದು

ನಿಮಗೆ: ನೀರು ನುಗ್ಗದ ಜಾಕೆಟ್, ಅಂಥದ್ದೇ ಪ್ಯಾಂಟ್, ಕಣಕಾಲು ಮುಚ್ಚುವ ಬೂಟು, ಉಣ್ಣೆಯ ಕಾಲುಚೀಲ, ಬದಲಿಗೆ ಇನ್ನೊಂದು ಜೊತೆ. ಜೀನ್ಸ್ ಬೇಡವೇ ಬೇಡ, ನೆನೆದರೆ ಹಸಿ ಗೋಣಿಚೀಲದಂತೆ ತೊಡೆಗೆ ಅಂಟಿಕೊಂಡು ಮೈಬಿಸಿ ಹೀರುತ್ತದೆ. ಹತ್ತಿ ಬನಿಯನ್ನಿಗೂ ಅದೇ ಮಾತು. ಕೊಡೆ ನಮಗೆಲ್ಲ ಪ್ರಾಣ, ಆದರೆ ಬೆನ್ನೇಣಿನ ಗಾಳಿಗೆ ಅದು ಮೊದಲ ನಿಮಿಷದಲ್ಲೇ ಮಗುಚುತ್ತದೆ. ಹೆಡ್‌ಟಾರ್ಚ್, ಸೀಟಿ, ಪವರ್‌ಬ್ಯಾಂಕ್ ಇರಲಿ. ಒದ್ದೆ ಬೆರಳಿಗೆ ಫೋನಿನ ಪರದೆ ಸ್ಪಂದಿಸುವುದಿಲ್ಲ, ಕಣಿವೆಯಲ್ಲಿ ಸಿಗ್ನಲ್ಲೂ ಆಟವಾಡಿಸುತ್ತದೆ. ಅದಕ್ಕೇ ಕಾಗದದ ನಕ್ಷೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯಿರಿ, ಜೊತೆಗೆ ದಿಕ್ಸೂಚಿ.

ನಾಯಿಗೆ: ಬೆನ್ನ ಮೇಲೆ ಹಿಡಿಕೆಯಿರುವ ಹಾರ್ನೆಸ್ (ಎದೆಗೆ ತೊಡಿಸುವ ಪಟ್ಟಿ), ಎರಡು ಮೀಟರ್ ಮೀರದ ಗಟ್ಟಿ ಲೀಡ್ (ನಾಯಿ ಹಿಡಿಯುವ ಹಗ್ಗ), ಮಳೆಕೋಟು, ಎರಡು ಟವೆಲ್, ಮಡಚುವ ಬಟ್ಟಲು, ತಿಂಡಿ, ಮಲದ ಚೀಲಗಳು, ಮಲಗಲು ತೆಳು ಚಾಪೆ. ಎರಡು ಟವೆಲ್ ಯಾಕೆಂದರೆ ಮೊದಲ ಪಬ್ಬಿನಲ್ಲಿ ಒರೆಸಿದ್ದು ಎರಡನೆಯದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಗುಂಡಿ ಒತ್ತಿದರೆ ಉದ್ದವಾಗುವ ಲೀಡ್ ಮನೆಯಲ್ಲೇ ಇರಲಿ. ದನಗಳ ಹೊಲದಲ್ಲಿ ಅದು ಅಪಾಯ, ಪಬ್ಬಿನಲ್ಲಿ ಎಡವಿಸುವ ದಾರ.

6. ಹೊರಡುವ ಬೆಳಿಗ್ಗೆ

ಇಲ್ಲಿನ ಹವಾಮಾನ ಸಂಸ್ಥೆ ಮೆಟ್ ಆಫೀಸಿನ ಮುನ್ಸೂಚನೆಯಲ್ಲಿ ಮಳೆಗಿಂತ ಗಾಳಿಯನ್ನು ನೋಡಿ. ಜಿಟಿಜಿಟಿ ಮಳೆಯಲ್ಲಿ ಇಡೀ ದಿನ ನಡೆಯಬಹುದು. ಗಾಳಿಯ ಅಥವಾ ಗುಡುಗಿನ ಎಚ್ಚರಿಕೆ ಇದ್ದರೆ ಬೆನ್ನೇಣು ಬಿಟ್ಟು ಕ್ಯಾಸಲ್ಟನ್–ಹೋಪ್ ನಡುವಿನ ಕೆಳದಾರಿಯಲ್ಲಷ್ಟೇ ಹೋಗಿ ಬನ್ನಿ. ಹಳದಿಗಿಂತ ಗಂಭೀರವಾದ ಅಂಬರ್ (ಕಿತ್ತಳೆ) ಎಚ್ಚರಿಕೆ ಇದ್ದರೆ ಮನೆಯಲ್ಲಿರಿ.

7. ಹೊಲದೊಳಗೆ: ಕುರಿ ಒಂದು ಕಡೆ, ದನ ಇನ್ನೊಂದು ಕಡೆ

ಇಲ್ಲಿ ಆಗುವ ತಪ್ಪಿಗೆ ಬೆಲೆ ಜಾಸ್ತಿ, ಹಾಗಾಗಿ ನಿಧಾನವಾಗಿ ಓದಿ.

ಕುರಿಗಳಿರುವ ಹೊಲದಲ್ಲಿ ಲೀಡ್ ಬಿಚ್ಚಬೇಡಿ. ನಾಯಿ ಕಚ್ಚಬೇಕೆಂದೇನೂ ಇಲ್ಲ, 1953ರ ಕಾಯ್ದೆಯ ಪ್ರಕಾರ ಲೀಡ್ ಇಲ್ಲದೆ, ಹತೋಟಿಯೂ ಇಲ್ಲದೆ ಕುರಿಗಳ ನಡುವೆ ತಿರುಗಾಡಿದರೂ ಅಪರಾಧವೇ. ಗಬ್ಬದ ಕುರಿ ಬೆದರಿ ಓಡಿದರೆ ಮರಿ ಸಾಯಬಹುದು. ತನ್ನ ಜಾನುವಾರು ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗ ರೈತ ನಾಯಿಗೆ ಗುಂಡು ಹೊಡೆದರೆ ಕಾನೂನು ಅವನ ಪರವಾಗಿಯೇ ನಿಲ್ಲಬಹುದು. ಬಯಲು ಗುಡ್ಡಗಳ ಮುಕ್ತ ಪ್ರವೇಶದ ಭೂಮಿಯಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಕುರಿ ಇರಲಿ ಬಿಡಲಿ, ಎರಡು ಮೀಟರ್ ಮೀರದ ಲೀಡ್ ಕಡ್ಡಾಯ. ಆಗ ನೆಲದ ಮೇಲೆ ಹಕ್ಕಿಗಳು ಗೂಡು ಕಟ್ಟಿರುತ್ತವೆ.

ದನಗಳದ್ದು ಬೇರೆಯೇ ಲೆಕ್ಕ. ಊರಿನಲ್ಲಿ ದನದ ಮೈ ತಟ್ಟಿ ಬೆಳೆದವರಿಗೆ ಇಲ್ಲಿನ ದನಗಳ ಬಗ್ಗೆ ಭಯವಿರುವುದಿಲ್ಲ, ಅದೇ ತೊಂದರೆ. ಇವು ಮನುಷ್ಯರ ಕೈಗೆ ಒಗ್ಗಿದ ಕೊಟ್ಟಿಗೆಯ ದನಗಳಲ್ಲ. ಕರು ಜೊತೆಗಿರುವ ಹಸುವಿಗೆ ನಿಮ್ಮ ನಾಯಿ ಕಂಡರೆ ಅದು ತೋಳವೇ. ತಲೆ ಎತ್ತಿ ನೋಡುವುದು, ಗುಂಪಾಗಿ ಹತ್ತಿರ ಬರುವುದು, ತಲೆ ತಗ್ಗಿಸಿ ಕಾಲು ಕೆರೆಯುವುದು: ಈ ಕ್ರಮದಲ್ಲಿ ಅಪಾಯ ಏರುತ್ತದೆ. ಮೊದಲನೆಯದು ಕಂಡಾಗಲೇ ಅವುಗಳಿಂದ ದೂರ ಬಳಸಿಕೊಂಡು ಹೋಗಿ. ಹಸು–ಕರುಗಳ ನಡುವೆ ನುಗ್ಗಬೇಡಿ, ಓಡಬೇಡಿ. ಮೈಮೇಲೆ ಬಂದರೆ ಲೀಡನ್ನು ಕೈಬಿಟ್ಟುಬಿಡಿ. ದನಗಳ ಗಮನ ನಾಯಿಯ ಮೇಲಿರುತ್ತದೆ, ನಾಯಿ ಅವುಗಳಿಗಿಂತ ವೇಗವಾಗಿ ಓಡಿ ಪಾರಾಗುತ್ತದೆ. ನಾಯಿಯನ್ನು ಎದೆಗವಚಿಕೊಂಡು ಕಾಪಾಡಲು ಹೋದವರೇ ತುಳಿತಕ್ಕೆ ಸಿಗುವುದು.

ಬೇಲಿ ದಾಟುವ ತಡಮೆಗಳ ಮೆಟ್ಟಿಲು ಮಳೆಯಲ್ಲಿ ಪಾಚಿಗಟ್ಟಿ ಜಾರುತ್ತವೆ. ಪಕ್ಕದಲ್ಲಿ ಮೇಲೆತ್ತುವ ಚಿಕ್ಕ ನಾಯಿಗೇಟು ಇದೆಯೇ ನೋಡಿ. ಇಲ್ಲದಿದ್ದರೆ ಹಾರ್ನೆಸ್‌ನ ಹಿಡಿಕೆ ಮತ್ತು ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ ದಾಟಿಸಿ. ಜಿಗಿಯಲು ಬಿಟ್ಟರೆ ಮುಳ್ಳುತಂತಿಗೆ ಹೊಟ್ಟೆ ಸೀಳುತ್ತದೆ. ಗೇಟನ್ನು ಹೇಗಿತ್ತೋ ಹಾಗೇ ಬಿಡಿ. ಕ್ಯಾಸಲ್ಟನ್–ಹೋಪ್ ನಡುವೆ ಸಿಮೆಂಟ್ ಕಾರ್ಖಾನೆಯ ರೈಲುಹಳಿಯೊಂದು ಅಡ್ಡ ಬರುತ್ತದೆ. ಅಲ್ಲಿ ನಾಯಿಯನ್ನು ಬಿಗಿಹಿಡಿದು, ಎರಡೂ ಕಡೆ ನೋಡಿ ದಾಟಿ.

ಮಲ ಎತ್ತಿ ಚೀಲದಲ್ಲಿ ಹಾಕಿ, ಚೀಲವನ್ನು ನೀವೇ ಒಯ್ಯಿರಿ. ಹುಲ್ಲಿನ ಮೇಲೆ ಬಿಟ್ಟ ಮಲದಿಂದ ಹಸುಗಳಿಗೆ ಗರ್ಭಪಾತ ತರುವ ನಿಯೋಸ್ಪೋರಾ ಎಂಬ ಪರಾವಲಂಬಿ ಹರಡಬಹುದು. ಚೀಲಕ್ಕೆ ಗಂಟು ಹಾಕಿ ಬೇಲಿಗೆ ನೇತುಹಾಕುವವರ ಬಗ್ಗೆ ನಾನು ಬರೆಯಹೊರಟರೆ ಭಾಷೆ ಕೆಡುತ್ತದೆ.

8. ಹಾಲಿನ್ಸ್ ಕ್ರಾಸ್ ಮೇಲೆ, ಮಂಜಿನಲ್ಲಿ

ಎಡೇಲ್ ಕಡೆಯಿಂದ ಹತ್ತಿ ಬಂದಾಗ ಬೆನ್ನೇಣಿನ ಮೇಲೆ ದಾರಿಗಳು ಕವಲೊಡೆಯುತ್ತವೆ. ಬಲಕ್ಕೆ, ಅಂದರೆ ಪಶ್ಚಿಮಕ್ಕೆ, 517 ಮೀಟರಿನ ಮ್ಯಾಮ್ ಟೋರ್. ಎಡಕ್ಕೆ ಲೂಸ್ ಹಿಲ್. ಮಂಜಿನಲ್ಲಿ ಜನ ಚೆನ್ನಾಗಿ ತುಳಿದ ದಾರಿ ಹಿಡಿದು ಬೆನ್ನೇಣಿನ ಉದ್ದಕ್ಕೇ ಹೋಗಿಬಿಡುತ್ತಾರೆ. ನಿಮಗೆ ಬೇಕಾದದ್ದು ದಾಟಿ ದಕ್ಷಿಣಕ್ಕೆ ಇಳಿಯುವ ದಾರಿ, ಅದು ಕೆಳಗೆ ಹಾಲೋಫೋರ್ಡ್ ರಸ್ತೆ ಸೇರಿ ನೇರ ಕ್ಯಾಸಲ್ಟನ್‌ಗೆ ಬರುತ್ತದೆ. ದಿಕ್ಸೂಚಿ ತೆಗೆದು ದಕ್ಷಿಣ ಖಚಿತಪಡಿಸಿಕೊಂಡೇ ಹೆಜ್ಜೆ ಇಡಿ. ಮೇಲೆ ಕೂತು ತಿಂಡಿ ತಿನ್ನಬೇಡಿ, ಬೆವತ ಮೈಗೆ ಗಾಳಿ ತಗುಲಿದರೆ ಐದೇ ನಿಮಿಷದಲ್ಲಿ ಚಳಿ ಹತ್ತುತ್ತದೆ.

ಕ್ಯಾಸಲ್ಟನ್ ಹತ್ತಿರದ ಕೇವ್ ಡೇಲ್ ಕಣಿವೆ ಫೋಟೋಗಳಲ್ಲಿ ಸೆಳೆಯುತ್ತದೆ. ಅಲ್ಲಿ ಕಾಲಡಿ ಸುಣ್ಣಕಲ್ಲು, ಸವೆದು ನುಣುಪಾಗಿದೆ. ಮಳೆಯಲ್ಲಿ ಮಂಡಿ ಮುರಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಬಿಟ್ಟುಬಿಡಿ.

9. ಪಬ್ಬಿನ ಬಾಗಿಲಲ್ಲಿ

ಬಾಗಿಲು ತೆರೆಯುವ ಮೊದಲು ಇಷ್ಟು ಮಾಡಿ. ನಾಯಿ ಮೈ ಕೊಡವಿಕೊಳ್ಳಲಿ, ಆಮೇಲೆ ಕೋಟು ಬಿಚ್ಚಿ. ಪಂಜಗಳಿಂದ ಶುರುಮಾಡಿ ಹೊಟ್ಟೆ, ಕಂಕುಳು, ಕೊನೆಗೆ ಬೆನ್ನು ಒರೆಸಿ. ಹೆಚ್ಚಿನವರು ಬೆನ್ನಿನಿಂದ ಶುರುಮಾಡುತ್ತಾರೆ, ಕೆಸರು ಇರುವುದು ಹೊಟ್ಟೆಯಲ್ಲಿ. ನಿಮ್ಮ ಬೂಟನ್ನು ಹೊರಗಿನ ಕಬ್ಬಿಣದ ಪಟ್ಟಿಗೆ ಕೆರೆಯಿರಿ. ಕಳಚಲು ಹೇಳಿದರೆ ಮುಖ ಸಿಂಡರಿಸಬೇಡಿ, ಬದಲಿ ಕಾಲುಚೀಲ ಒಯ್ದದ್ದು ಇದಕ್ಕೇ.

ಒಬ್ಬರು ಮಾತ್ರ ಒಳಗೆ ಹೋಗಿ ಕೇಳಿ, ಇನ್ನೊಬ್ಬರು ನಾಯಿಯೊಡನೆ ಹೊರಗೆ ನಿಲ್ಲಿ. ಪಬ್ಬಿನದ್ದೇ ನಾಯಿ ಅಥವಾ ಬೆಕ್ಕು ಒಳಗಿದ್ದರೆ ಬಾಗಿಲಲ್ಲೇ ರಂಪವಾಗುವುದು ತಪ್ಪುತ್ತದೆ. ಕಲ್ಲುಹಾಸಿನ ಮೂಲೆ ಆರಿಸಿ, ಓಡಾಟದ ದಾರಿಗೆ ಬೆನ್ನು ಹಾಕಿ ಕೂರಿ, ಚಾಪೆ ಹಾಸಿ ನಾಯಿಯನ್ನು ಮೇಜಿನ ಕೆಳಗೆ ಮಲಗಿಸಿ. ಲೀಡನ್ನು ಮೇಜಿನ ಕಾಲಿಗೆ ಕಟ್ಟಬೇಡಿ, ಇನ್ನೊಂದು ನಾಯಿ ಒಳಬಂದ ಕ್ಷಣ ಮೇಜಿನೊಂದಿಗೆ ನಾಲ್ಕು ಗ್ಲಾಸೂ ಹೊರಡುತ್ತವೆ. ಬೆಂಕಿಗೂಡಿನ ಎದುರಿನ ಜಾಗ ಎಲ್ಲರಿಗೂ ಆಸೆ. ಒದ್ದೆ ನಾಯಿಯನ್ನು ಅಲ್ಲಿ ಮಲಗಿಸಿದರೆ ಹಬೆಯೆದ್ದು ಕೋಣೆಯೆಲ್ಲ ನಾರುತ್ತದೆ, ಸ್ವಲ್ಪ ದೂರವಿರಿ.

10. ಏನು ಕುಡಿಯುವುದು, ಏನು ತಿನ್ನುವುದು

ಆರ್ಡರ್ ಸಾಮಾನ್ಯವಾಗಿ ಬಾರ್ ಕಟ್ಟೆಯಲ್ಲೇ, ಮೇಜಿನ ನಂಬರ್ ನೋಡಿಟ್ಟುಕೊಂಡು ಹೋಗಿ. ಮೇಜಿನಲ್ಲಿ ಕೂತು ಕೈ ಎತ್ತಿದರೆ ಯಾರೂ ಬರುವುದಿಲ್ಲ. ಮೊದಲು ಊಟ ಹೇಳಿ, ಆಮೇಲೆ ಪಾನೀಯ.

ಪೂರ್ತಿ ಪಿಂಟ್ ಅಂದರೆ 568 ಮಿಲಿಲೀಟರ್. ಪ್ರತಿ ಪಬ್ಬಿನಲ್ಲೂ ಒಂದೊಂದು ಕುಡಿದರೆ ಕೊನೆಯ ಹೊಲದಲ್ಲಿ ಕಾಲು ಹೇಳಿದ ಮಾತು ಕೇಳದು, ಅರ್ಧ ಪಿಂಟ್ ಸಾಕು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ನಿಜಕ್ಕೂ ಒಳಗಿನ ಬಿಸಿ ಹೊರಗೆ ಸೋರುತ್ತಿರುತ್ತದೆ. ಕುಡಿಯದವರಿಗೆ ಜಿಂಜರ್ ಬಿಯರ್, ಲೈಮ್ ಸೋಡಾ, ಕಾಫಿ ಎಲ್ಲ ಕಡೆ ಸಿಗುತ್ತವೆ, ಯಾರೂ ಯಾಕೆಂದು ಕೇಳುವುದಿಲ್ಲ.

ಸಸ್ಯಾಹಾರಿಗಳು ಗಮನಿಸಿ: ಮೆನುವಿನ ‘ವಿ’ ಗುರುತಿನಲ್ಲಿ ಮೊಟ್ಟೆ ಸೇರಿರಬಹುದು. ಗ್ರೇವಿ ಹೆಚ್ಚಾಗಿ ಮಾಂಸದ ರಸದ್ದು. ಚಿಪ್ಸನ್ನು (ಊಟದ ಜೊತೆ ಬರುವ ದಪ್ಪ ಆಲೂಗಡ್ಡೆ ಹೋಳು) ದನದ ಕೊಬ್ಬಿನಲ್ಲಿ ಕರಿಯುವ ಪಬ್ಬುಗಳೂ ಇವೆ, ಎಣ್ಣೆ ಯಾವುದೆಂದು ಕೇಳಿ. ಜಾಕೆಟ್ ಪೊಟ್ಯಾಟೋ (ಸಿಪ್ಪೆಸಹಿತ ಬೇಯಿಸಿದ ಇಡೀ ಆಲೂಗಡ್ಡೆ) ಮತ್ತು ಬೀನ್ಸ್ ರುಚಿಯಲ್ಲಿ ಸಪ್ಪೆಯಾದರೂ ನಿಶ್ಚಿಂತೆಯ ಊಟ. ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ ಒಯ್ಯುವವರನ್ನು ನಾನು ಮನಸಾರೆ ಬೆಂಬಲಿಸುತ್ತೇನೆ.

ನಾಯಿಗೆ ನಿಮ್ಮ ತಟ್ಟೆಯಿಂದ ಕೊಡಬೇಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬಿಯರ್ ಎಲ್ಲವೂ ಅದಕ್ಕೆ ವಿಷ. ಗ್ರೇವಿಯಲ್ಲಿ ಈರುಳ್ಳಿ ಇದ್ದೇ ಇರುತ್ತದೆ.

11. ಹಿಂದಿರುಗಲು ಹೇಳುವ ಸೂಚನೆಗಳು

ನಾಯಿ ನಡುಗುತ್ತಿದ್ದರೆ ಅದು ಮೊದಲ ಹಂತ. ನಡುಕ ನಿಂತು ಮಂಕಾಗಿ, ನಡೆಯಲು ಒಲ್ಲೆನೆಂದು ಕೂತರೆ ಸುಧಾರಿಸಿತೆಂದು ತಿಳಿಯಬೇಡಿ, ಸ್ಥಿತಿ ಬಿಗಡಾಯಿಸಿದೆ. ಒರೆಸಿ, ನಿಮ್ಮ ಒಣ ಬಟ್ಟೆ ಸುತ್ತಿ, ಹತ್ತಿರದ ಬೆಚ್ಚಗಿನ ಜಾಗಕ್ಕೆ ಎತ್ತಿಕೊಂಡು ಹೋಗಿ, ಪಶುವೈದ್ಯರಿಗೆ ಫೋನ್ ಮಾಡಿ. ತಣ್ಣೀರಿನಲ್ಲಿ ಈಜಿದ ಮೇಲೆ ಬಾಲ ಸತ್ತಂತೆ ಜೋತುಬಿದ್ದರೆ ಅದು ಸ್ನಾಯುನೋವು, ಅಂದಿಗೆ ನಡಿಗೆ ಮುಗಿಯಿತು.

ಮನುಷ್ಯರಲ್ಲಿ ಮಾತು ತೊದಲುವುದು, ಎಡವುವುದು, ವಿನಾಕಾರಣ ಸಿಟ್ಟು ಇದೇ ಸಾಲಿಗೆ ಸೇರಿದವು. ಹಳ್ಳ ಕೆಂಪಾಗಿ ದಡ ಮೀರಿ ಹರಿಯುತ್ತಿದ್ದರೆ ಇಳಿಯಬೇಡಿ, ರಸ್ತೆ ಬಳಸಿ. ಗುಡ್ಡದಲ್ಲಿ ಸಿಕ್ಕಿಬಿದ್ದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಿ, ಅವರಲ್ಲಿ ಮೌಂಟೇನ್ ರೆಸ್ಕ್ಯೂ ಬೇಕೆನ್ನಿ. ಸಿಗ್ನಲ್ ಇಲ್ಲದಿದ್ದರೆ ಸೀಟಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು.

12. ಮನೆಗೆ ಬಂದ ಮೇಲೆ

ನಿಮ್ಮ ಸ್ನಾನಕ್ಕೆ ಮೊದಲು ನಾಯಿಯ ಕಾಲು. ಉಗುರುಬೆಚ್ಚಗಿನ ನೀರಿನಲ್ಲಿ ಕೆಸರು ತೊಳೆದು, ಬೆರಳುಗಳ ಸಂದು ಪೂರ್ತಿ ಒಣಗಿಸಿ. ಮಲೆನಾಡಿನ ಜಿಗಣೆ ಕಾಟ ಇಲ್ಲಿಲ್ಲ, ಉಣುಗು ಮಾತ್ರ ಇದೆ. ಕಿವಿಯ ಅಂಚು, ಕಂಕುಳು, ತೊಡೆಸಂದು ತಡವಿ ನೋಡಿ, ಸಿಕ್ಕರೆ ಉಣುಗು ಕೀಳುವ ಕೊಕ್ಕೆಯಿಂದ ತಿರುಗಿಸಿ ತೆಗೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಕಚ್ಚಿದ ಜಾಗದ ಸುತ್ತ ಕೆಲವು ದಿನ ಅಥವಾ ವಾರಗಳ ಮೇಲೆ ಕೆಂಪು ವೃತ್ತ ಹರಡಿದರೆ ಲೈಮ್ ಕಾಯಿಲೆಯ ಶಂಕೆ, ಡಾಕ್ಟರಿಗೆ ತೋರಿಸಿ.

ಮುಂದಿನ ಒಂದೆರಡು ವಾರ ನಾಯಿಯ ಕಾಲಿನ ಕೆಳಭಾಗದಲ್ಲಿ ಕಾರಣವಿಲ್ಲದ ಹುಣ್ಣು ಎದ್ದರೆ ಕಾಯಬೇಡಿ. ಬ್ರಿಟನ್ನಿನಲ್ಲಿ 2012ರಿಂದ ಕಾಣಿಸಿಕೊಂಡಿರುವ ಅಲಬಾಮಾ ರಾಟ್ ಅಪರೂಪದ ಕಾಯಿಲೆ, ಆದರೆ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತದೆ. ಹೆಚ್ಚಾಗಿ ನವೆಂಬರ್‌ನಿಂದ ಮೇವರೆಗಿನ ಕೆಸರಿನ ತಿಂಗಳುಗಳಲ್ಲಿ ಕಾಣಿಸುತ್ತದೆ. ಕಾರಣ ಇನ್ನೂ ಪತ್ತೆಯಾಗದ್ದರಿಂದ ಕಾಲು ತೊಳೆಯುವುದೊಂದೇ ಪಶುವೈದ್ಯರು ಹೇಳುವ ಮುಂಜಾಗ್ರತೆ.

ಬೂಟಿನ ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ರೇಡಿಯೇಟರ್ ಮೇಲಿಟ್ಟರೆ ಚರ್ಮ ಬಿರುಕು ಬಿಟ್ಟು ಅಂಟು ಸಡಿಲವಾಗುತ್ತದೆ, ಮುಂದಿನ ಸಲ ಅಡಿ ಕಿತ್ತುಬರುವುದು ಹಾಲಿನ್ಸ್ ಕ್ರಾಸ್ ಮೇಲೆಯೇ.